ಸ್ಟೇರಿಂಗ್ ಹಿಡಿದವನ ಎದೆನೋವು

ಹರಿಹರದ ಆಂಬುಲೆನ್ಸಿನಲ್ಲಿ ರೇವತಿ ನರ್ಸು, ಅಮ್ಜದ್ ಡ್ರೈವರು. ವಯಸ್ಸಿನಲ್ಲಿ ಅವನು ತುಂಬ ದೊಡ್ಡವನು. ಅವಳು ಅಮ್ಜದಣ್ಣ ಎನ್ನುತ್ತಿದ್ದಳು, ಅವನು ಸಿಸ್ಟರ್ ಎನ್ನುತ್ತಿದ್ದ. ಗಾಡಿ ನುಗ್ಗದ ಓಣಿಗಳಲ್ಲಿ ಸ್ಟ್ರೆಚರಿನ ಭಾರದ ತುದಿ ಯಾವಾಗಲೂ ಅವನದೇ. ಅವಳು ಬಸುರಿಯಾಗಿದ್ದಾಗ ಖಾಲಿ ಗಾಡಿಯನ್ನೂ ಹಂಪುಗಳ ಮೇಲೆ ತೊಟ್ಟಿಲು ತೂಗಿದಷ್ಟು ಮೆತ್ತಗೆ ಇಳಿಸುತ್ತಿದ್ದ. ಅವನ ಹೆಂಡತಿ ಸಿದ್ದೀಕಾ ಡಬ್ಬಿಗೆ ಎರಡು ರೊಟ್ಟಿ ಹೆಚ್ಚಿಗೆ ಹಾಕಿ ಕಳಿಸುವಳು, "ಸಿಸ್ಟರಿಗೆ" ಎಂದು.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಕೊಕ್ಕನೂರಿನಿಂದ ಕರೆ ಬಂತು. ಮರುಳಸಿದ್ದಮ್ಮ ಎಂಬ ಹಿರಿಯ ಹೆಂಗಸು ಹಿತ್ತಲ ಕಟ್ಟೆಗೆ ಒರಗಿ ಏದುಸಿರು ಬಿಡುತ್ತಿದ್ದರು.

"ಗ್ಯಾಸ್ಟ್ರಿಕ್ ಇರ್ಬೇಕ್ರಿ, ಸೋಡಾ ಕುಡಿಸೀವಿ" ಎಂದ ಮಗ ಬಸವಕಿರಣ್.

ರೇವತಿ ಕೈ ಮುಟ್ಟಿ ನೋಡಿದಳು. ತಣ್ಣಗಿತ್ತು, ಬೆವರಿತ್ತು. ನೋವು ದವಡೆಗೂ ಏರಿದೆ ಎಂದರು ಆ ತಾಯಿ. ಇಸಿಜಿ ಪಟ್ಟಿ ಹೊರಬರುತ್ತಿದ್ದಂತೆ ಅನುಮಾನ ಉಳಿಯಲಿಲ್ಲ.

"ಗ್ಯಾಸ್ ಅಲ್ಲಣ್ಣ, ಹಾರ್ಟ್ ಅಟ್ಯಾಕ್. ಒಂದ್ ಹೆಜ್ಜೆನೂ ನಡೆಸ್ಬ್ಯಾಡ್ರಿ."

ಆಸ್ಪಿರಿನ್ ಅಗಿಯಲು ಕೊಟ್ಟು, ದಾವಣಗೆರೆಯ ಆಸ್ಪತ್ರೆಗೆ ಫೋನ್ ಮಾಡಿ ತಯಾರಿರಲು ಹೇಳಿದಳು. ಅಮ್ಜದ್ ಮತ್ತು ಬಸವಕಿರಣ್ ಸ್ಟ್ರೆಚರ್ ಎತ್ತಿದರು.

ಹರಿಹರ ದಾಟಿದ ಮೇಲೆ ಏನೋ ಹೇಳಲೆಂದು ರೇವತಿ ಮುಂದಿನ ಕಿಟಕಿಗೆ ಬಗ್ಗಿದಳು. ಅಮ್ಜದ್ ಎಡಗೈಯನ್ನು ತೊಡೆಯ ಮೇಲೆ ಬಿಟ್ಟು ಒಂದೇ ಕೈಯಲ್ಲಿ ಓಡಿಸುತ್ತಿದ್ದ. ಬೆನ್ನಿಗೆ ಅಂಗಿ ಅಂಟಿಕೊಂಡಿತ್ತು.

"ಅಮ್ಜದಣ್ಣ, ಏನಾತು?"

"ಏನಿಲ್ಲ ಸಿಸ್ಟರ್. ಸ್ಟ್ರೆಚರ್ ಎತ್ತಿದಾಗಿಂದ ಎದಿ ಹಿಡ್ಕಂಡಂಗೈತೆ."

"ಗಾಡಿ ನಿಲ್ಸ್ರಿ!"

"ನಿಲ್ಸಿದ್ರೆ ಆ ತಾಯಿ ಗತಿ?"

ಇನ್ನೊಂದು ಆಂಬುಲೆನ್ಸ್ ಆನಗೋಡಿನ ಕಡೆ ಹೋಗಿತ್ತು. ಅದು ಬರುವುದಕ್ಕಿಂತ ಆಸ್ಪತ್ರೆಯೇ ಹತ್ತಿರ. ಜೊತೆಗೆ ಬಂದಿದ್ದ ಬಸವಕಿರಣನಿಗೆ ಬೈಕ್ ಬಿಟ್ಟರೆ ಬೇರೆ ಓಡಿಸಲು ಬರುತ್ತಿರಲಿಲ್ಲ. ರೇವತಿ ಕಿಟಕಿಯಿಂದಲೇ ಅವನಿಗೂ ಆಸ್ಪಿರಿನ್ ಕೊಟ್ಟಳು. ಅಮ್ಜದ್ ಅಗಿದ.

"ನಂಜೊತೆ ಮಾತಾಡ್ತಾ ಇರ್ರಿ. ಸುಸ್ತಾದ್ರೆ ಬದಿಗೆ ಹಾಕ್ರಿ."

ಅವನು ಎದುರಿಗೆ ಕಂಡದ್ದನ್ನೆಲ್ಲ ಹೇಳುತ್ತ ಹೋದ. ಪೆಟ್ರೋಲ್ ಬಂಕ್, ಹುಲ್ಲಿನ ಟ್ರ್ಯಾಕ್ಟರ್, ಸಿಗ್ನಲ್. ಊರೊಳಗೆ ಬಂದ ಮೇಲೆ ಮಾತು ನಿಂತಿತು. ಗಾಡಿ ನಿಲ್ಲಲಿಲ್ಲ. ಒಂದು ಕೈ ಅವನ ಹೆಗಲ ಮೇಲೆ, ಇನ್ನೊಂದು ಮರುಳಸಿದ್ದಮ್ಮನ ನಾಡಿಯ ಮೇಲೆ ಇಟ್ಟುಕೊಂಡು ರೇವತಿ ಕೂತಿದ್ದಳು.

ತುರ್ತು ಚಿಕಿತ್ಸೆಯ ಬಾಗಿಲೆದುರು ಅವನು ಗಾಡಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದ.

"ಪೇಷಂಟ್ ಇಳಿಸ್ರಿ ಸಿಸ್ಟರ್" ಎಂದ. ಬಾಗಿಲ ಕಡೆ ವಾಲಿದ.

ಕಾಯುತ್ತಿದ್ದವರು ಮರುಳಸಿದ್ದಮ್ಮನನ್ನು ಒಳಗೆ ಒಯ್ದರು. ರೇವತಿ ವಾರ್ಡಿನವರ ಜೊತೆ ಅಮ್ಜದ್‌ನನ್ನು ನೆಲಕ್ಕಿಳಿಸಿದಳು. ನಾಡಿ ಇರಲಿಲ್ಲ. ಎದೆ ಒತ್ತತೊಡಗಿದಳು. ಎಷ್ಟೋ ಅಪರಿಚಿತರ ಎದೆ ಒತ್ತಿದ ಕೈಗಳವು. ಅವನ ಪಕ್ಕೆಲುಬು ಮುರಿದದ್ದು ಅಂಗೈಗೆ ಗೊತ್ತಾಯಿತು. ಆದರೂ ಬಿಡಲಿಲ್ಲ. ಡಾಕ್ಟರು ಬಂದರು, ಶಾಕ್ ಕೊಟ್ಟರು, ಮತ್ತೆ ಕೊಟ್ಟರು. ಕೊನೆಗೆ ಅವರೇ ಅವಳ ಮುಂಗೈ ಹಿಡಿದು, "ಸಾಕಮ್ಮ, ಬಿಡು" ಎಂದರು.

ಸಂಜೆ ಹರಿಹರದ ಅವನ ಮನೆಯಲ್ಲಿ ಸಿದ್ದೀಕಾ ಗೋಡೆಗೆ ಒರಗಿ ಕೂತಿದ್ದಳು. ಗಾಡಿ ಏಕೆ ನಿಲ್ಲಿಸಲಿಲ್ಲ ಎಂದು ಕೇಳುತ್ತಾಳೆ, ಬೈಯುತ್ತಾಳೆ ಎಂದುಕೊಂಡೇ ರೇವತಿ ಒಳಗೆ ಬಂದಿದ್ದಳು.

"ಅವ್ರು ಕರ್ಕಂಡ್ ಹೋದ ಪೇಷಂಟ್ ಹೆಂಗದಾರವ್ವ?" ಎಂದು ಸಿದ್ದೀಕಾ ಕೇಳಿದಳು.

"ಉಳಿದ್ರು."

"ಅದನ್ನಾದ್ರೂ ಅವ್ರಿಗೆ ಹೇಳಿದ್ರಾ?"

ರೇವತಿ ಇಲ್ಲವೆಂದು ತಲೆಯಾಡಿಸಿದಳು. ಸಿದ್ದೀಕಾಳ ಮಡಿಲಲ್ಲಿ ಮುಖವಿಟ್ಟು ಅತ್ತಳು. ಸಿದ್ದೀಕಾ ಅವಳ ಬೆನ್ನು ಸವರುತ್ತಲೇ ಇದ್ದಳು, ತಾನೂ ಅಳುತ್ತ.