ಹಂಪಮ್ಮಕ್ಕನ ಬೇರಿನ ದಾರಿ

ಆ ಪ್ರವೀಣಕುಮಾರನ ಹೆಸರು ಕೇಳಿದ್ರ ನನಗ ಇವತ್ತಿಗೂ ಮೈಯೆಲ್ಲಾ ಉರಿತೈತಿ. ಹೌದ್ರಿ, ಸಿಟ್ಟಿಲೇನ ಹೇಳ್ತೀನಿ.

ಹಂಪಮ್ಮಕ್ಕ ನನ್ನ ನೆಗೆಣ್ಣಿ, ನಮ್ಮ ಮನಿ ಹಿರಿಸೊಸಿ. ಕೂಡ್ಲಿಗಿ ಕಡೆ ಯಾರಿಗೆ ಕಾಮಣಿಯಾಗಿ ಕಣ್ಣು ಹಳದಿಯಾದ್ರೂ ಅಕಿ ಕೊಡೋ ಬೇರಿನ ಔಷಧಿಗೆ ಹುಡುಕ್ಕೊಂಡು ಬರ್ತಿದ್ರು. ಆ ಬೇರು ಸಿಗೋದು ಗುಡೇಕೋಟಿ ಅಡವಿಯಾಗ ಒಂದ ಜಾಗದಾಗ. ಹಳ್ಳ ದಾಟಿದ ಮ್ಯಾಲ ಮಾತಾಡಬಾರದು, ಹಿಂದ ತಿರುಗಿ ನೋಡಬಾರದು, ನೋಡಿದ್ರ ಔಷಧಿ ಹತ್ತಂಗಿಲ್ಲ ಅಂತ ನಮ್ಮತ್ತಿ ಕಲಿಸಿದ್ಲು. ಮೂರು ಗಿಡಕ್ಕ ಒಂದ ಕೀಳಬೇಕು. ಅಕ್ಕಗ ಮಕ್ಕಳಿಲ್ಲ, ನನಗ ಮೊಣಕಾಲು ನೋವು, ಅಷ್ಟು ದೂರ ನಡೆಯಾಕ ಆಗಂಗಿಲ್ಲ. "ಇದು ನನ್ನ ಜೊತಿಗೇ ಮಣ್ಣಾಗತೈತಲ್ಲೇ" ಅಂತ ಕೊರಗತಿದ್ಲು.

ತೊಂಬತ್ತೆಂಟರಾಗ ಕೊಟ್ಟೂರಿನಿಂದ ಈ ಪ್ರವೀಣ ಬಂದ. ಸಣ್ಣಾವಿದ್ದಾಗ ಅಕ್ಕನ ಬೇರು ಕುಡಿದಾವ. "ದೊಡ್ಡಮ್ಮ, ಅಡವಿ ತೋರಿಸು" ಅಂತ ಗಂಟುಬಿದ್ದ. ಗಂಡಗೂ ತೋರಿಸದ ದಾರಿ ಅಕಿ ಅವಗ ತೋರಿಸಿದ್ಲು. ಮುಂದ ಅಕಿ, ಹಿಂದ ಅವ. ಬಂಡೆಗಲ್ಲು ಏರಿ, ಕಾರೆ ಮುಳ್ಳು ಸರಿಸಿ ಎರಡು ತಾಸು ನಡೆದ್ರು. "ಹುಡುಗ ತುಟಿ ಪಿಟಕ್ಕನ್ನಲಿಲ್ಲ ನೋಡು!" ಅಂತ ಮನಿಗೆ ಬಂದು ಹಿಗ್ಗಿದ್ಲು.

ಹದಿನೈದು ದಿನಕ್ಕ ನಮ್ಮ ಓಣಿ ಕೌಸರ್ ತನ್ನ ಐದು ವರ್ಷದ ಮಗಳನ್ನ ಎತ್ತಿಕೊಂಡು ಬಂದ್ಲು. ಕೂಸಿನ ಕಣ್ಣು ಅರಿಶಿಣ. ಮರುದಿನ ನಸುಕಿಗೆ ಅಕ್ಕ ಹೊಂಟ್ಲು. ಹಳ್ಳ ದಾಟಿದ್ರ ಮರಕ್ಕ ಸುಣ್ಣದ ಗುರುತು. ಮುಂದಿನ ಕವಲಿಗೂ ಸುಣ್ಣ, ಅದರ ಮುಂದಿನದಕ್ಕೂ. ವಾಪಸ್ ಬರೋರಿಗೆ ಕಾಣದಂಗ ಎಲ್ಲಾ ಹಳ್ಳದ ಕಡೆ ಮುಖಕ್ಕ ಬಳದಿದ್ದ ಪ್ರವೀಣ. ಅಕಿ ತಿರುಗಿ ನೋಡಂಗಿಲ್ಲ ಅಂತ ಗೊತ್ತಿದ್ದೇ ಅಕಿ ಬೆನ್ನ ಹಿಂದ ಬಳಕೊಂತ ಹೋಗ್ಯಾನ. ಅವನ ಬಾಯಾಗ ಮಣ್ಣು ಬೀಳಲಿ! ಅಕ್ಕ ಬಾಯಿ ಬಿಗಿಹಿಡಕೊಂಡು ಓಡಿದ್ಲಂತ. ಬೇರಿನ ಜಾಗ ಮುಟ್ಟಿದ್ರ ಅಲ್ಲಿ ಬರೀ ಅಗದ ಕುಣಿ. ಒಂದು ಗಿಡ ಉಳಿದಿದ್ದಿಲ್ಲ. ಬೇರು ಎಲ್ಲಾ ಕಿತ್ತು ಯಾವನೋ ವ್ಯಾಪಾರಿಗೆ ಮಾರಿದ್ದ ಅಂತ ಆಮ್ಯಾಲ ತಿಳೀತು.

ಬರಿಗೈಲೆ ಬಂದು ಕೌಸರ್ ಕೈ ಹಿಡಕೊಂಡ್ಲು. "ದವಾಖಾನಿಗೆ ಓಡವ್ವ, ನನ್ನ ಹತ್ರ ಏನೂ ಇಲ್ಲ" ಅಂದ್ಲು. ಕೂಸು ಬಳ್ಳಾರಿ ದವಾಖಾನ್ಯಾಗ ಬದುಕಿತು, ದೇವರು ದೊಡ್ಡಾವ. ಅಕ್ಕ ಮಾತ್ರ ಮೂರು ದಿನ ಉಣ್ಣಲಿಲ್ಲ.

ವಾರ ಬಿಟ್ಟು ಪುಣ್ಯಾತ್ಮ ಪೇಡೆ ಹಿಡಕೊಂಡು ಬಂದ! ನಾನು ಕಸಬರಿಗಿ ಎತ್ತಿದೆ, ಅಕ್ಕ ತಡೆದ್ಲು.

"ಕೇಳಿದ್ರ ನೀ ಕೊಡ್ತಿದ್ದಿಲ್ಲ ದೊಡ್ಡಮ್ಮ, ಅದಕ್ಕ..." ಅಂದ.

ಅಕ್ಕ ಪೇಡೆ ಪೊಟ್ಟಣ ಅವನ ಕಡೆಗೇ ಸರಿಸಿದ್ಲು.

"ಬರೋ ಅಮಾಸಿಗೆ ಎಲ್ಲಾ ನಿನಗೇ ಒಪ್ಪಿಸಬೇಕಂತ ಮಾಡಿದ್ದೆ, ಮಗನ. ಅದಕ್ಕ ನಿನ್ನ ಕರಕೊಂಡು ಹೋಗಿದ್ದು."