ಪರೀಕ್ಷಕರ ತಾಟಿನ ರೊಟ್ಟಿ

ನಾನು ಶಾಲೆಯ ಗೈಡ್ಸ್ ದಳದ ಕ್ಯಾಪ್ಟನ್ ಆದದ್ದು ಸೇವಾಭಾವದಿಂದಲ್ಲ, ಸ್ಟಾಫ್ ಮೀಟಿಂಗಿಗೆ ತಡವಾಗಿ ಹೋದದ್ದರಿಂದ. ಮಾಳಮಡ್ಡಿಯ ನಮ್ಮ ಶಾಲೆಯಲ್ಲಿ ಮೊದಲಿನಿಂದಲೂ ಅದೇ ಪದ್ಧತಿ. ಮೀಟಿಂಗಿನಲ್ಲಿ ಯಾರು ಇಲ್ಲವೋ ಅವರ ಹೆಸರು ಸರ್ವಾನುಮತದಿಂದ ಪಾಸಾಗುತ್ತದೆ. ನಾನು ಒಳಗೆ ಕಾಲಿಡುವಷ್ಟರಲ್ಲಿ ಹೆಡ್‌ಮಾಸ್ತರರು, "ಬರ್ರಿ ಕ್ಯಾಪ್ಟನ್ನರ, ಬರ್ರಿ," ಎಂದರು. ಎಲ್ಲರೂ ಚಪ್ಪಾಳೆ ಹೊಡೆದರು. ಗಣಿತ ಕಲಿಸಿಕೊಂಡು ಸುಮ್ಮನಿದ್ದ ನನಗೆ ಅಂದಿನಿಂದ ಒಂದು ನೀಲಿ ಸೀರೆ, ಕೊರಳಿಗೊಂದು ಸ್ಕಾರ್ಫು, ಒಂದು ಸೀಟಿ ಗಂಟುಬಿದ್ದವು. ಅದನ್ನೆಲ್ಲ ಏರಿಸಿಕೊಂಡು ಮೊದಲ ಸಲ ಹೊರಟಾಗ ನನ್ನ ಯಜಮಾನರು ಪೇಪರಿನಿಂದ ತಲೆ ಎತ್ತಿ, "ಯಾವ ಸರ್ಕಲ್ಲಿನ್ಯಾಗ ಡ್ಯೂಟಿ ನಿಂದು?" ಎಂದು ಕೇಳಿದರು. ಎರಡು ದಿನ ಅವರಿಗೆ ಚಹಾ ಸಿಗಲಿಲ್ಲ.

ಏಳು ವರ್ಷ ಕಳೆದವು. ನಮ್ಮ ಹುಡುಗಿಯರು ಪೋಲಿಯೋ ಬೂತಿನಲ್ಲಿ ಕೂಸುಗಳನ್ನು ಸುಮ್ಮನಾಗಿಸಿದರು, ಗಣಪತಿ ಮೆರವಣಿಗೆಯಲ್ಲಿ ನೀರು ಕೊಟ್ಟರು, ಮಳೆಗಾಲಕ್ಕೆ ಮುಂಚೆ ಶಾಲೆಯ ಗಟಾರು ತೆಗೆದರು. ಆದರೆ ಗೈಡ್‌ಗಳಿಗೆ ಕೊಡುವ ರಾಜ್ಯ ಪುರಸ್ಕಾರ ಒಬ್ಬಳಿಗೂ ಬರಲಿಲ್ಲ. ಸಪ್ತಾಪುರದ ಕಡೆಯ ಒಂದು ಶಾಲೆಯವರಿಗೆ ಮಾತ್ರ ಪ್ರತಿವರ್ಷ ಬರುತ್ತಿತ್ತು. ಪೇಪರಿನಲ್ಲಿ ಫೋಟೋ, ನಡುವೆ ಅವರ ಕ್ಯಾಪ್ಟನ್ ಬಾಯಿಯವರು, ಮಗಳ ಲಗ್ನ ಮುಗಿಸಿದವರ ಹಾಗೆ ನಗುತ್ತ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಸುಮ್ಮನೆ ಯಾಕೆ ಮುಚ್ಚಿಡಲಿ?

ಹೀಗಿರುವಾಗ ನನ್ನ ಕೈಗೆ ಒಬ್ಬ ಹುಡುಗಿ ಸಿಕ್ಕಳು. ಒಂಬತ್ತನೇ ತರಗತಿ, ಒಂದು ತಂಡದ ನಾಯಕಿ. ತಂದೆಗೆ ಹುಬ್ಬಳ್ಳಿಯಲ್ಲಿ ಕಾಳಿನ ವ್ಯಾಪಾರ. ಇವಳಿಗೆ ಬಾರದ ಗಂಟಿಲ್ಲ, ಕಟ್ಟಲಾಗದ ಬ್ಯಾಂಡೇಜಿಲ್ಲ. ಪ್ರಥಮ ಚಿಕಿತ್ಸೆಯ ಪ್ರಾಕ್ಟೀಸಿಗೆಂದು ಅಜ್ಜನ ಎರಡೂ ಕೈ ಕಟ್ಟಿಹಾಕಿ ಆಟಕ್ಕೆ ಹೋಗಿಬಿಟ್ಟಿದ್ದಳಂತೆ. ಪಾಪ, ಆ ಮುದುಕ ಒಂದು ತಾಸು ತಲೆ ಕೆರೆದುಕೊಳ್ಳಲಿಕ್ಕೂ ಪರದಾಡಿದನಂತೆ. ರಾಜ್ಯ ಪುರಸ್ಕಾರಕ್ಕೆ ಬೇಕಾದ ಪರೀಕ್ಷೆಗಳನ್ನೆಲ್ಲ ಪಾಸಾಗಿದ್ದಳು. ಉಳಿದದ್ದು ಒಂದೇ, ಬಯಲು ಅಡುಗೆ. ಆದರೆ ಅವಳ ತಾಯಿ ಮೊದಲೇ ನನಗೆ ಹೇಳಿದ್ದರು: "ಟೀಚರ್, ಈ ವರ್ಷ ಅಷ್ಟ ನೋಡ್ರಿ. ಹತ್ತನೇತ್ತೆ ಬಂತಂದ್ರ ಟ್ಯೂಷನ್ನು. ಸ್ಕಾರ್ಫ್ ಕಪಾಟಿನ್ಯಾಗ." ಈ ಸಲ ತಪ್ಪಿದರೆ ಅವಳಿಗೆ ಮತ್ತೊಂದು ಸಲ ಇರಲಿಲ್ಲ.

ಇಲ್ಲಿ ನನ್ನ ಜಾಣತನ ನಡುವೆ ಬಂತು. ಬಯಲು ಅಡುಗೆಗೆ ಎಲ್ಲ ಶಾಲೆಯವರೂ ಉಪ್ಪಿಟ್ಟು ಮಾಡುತ್ತಾರೆ. ಹಿಂದಿನ ವರ್ಷ ಪರೀಕ್ಷಕರು ನಾಲ್ಕನೇ ಉಪ್ಪಿಟ್ಟಿನ ಮುಂದೆ ಕುಳಿತು ನಿಟ್ಟುಸಿರು ಬಿಟ್ಟದ್ದನ್ನು ನಾನು ನೋಡಿದ್ದೆ. ಆದ್ದರಿಂದ, "ನಾವು ಜೋಳದ ರೊಟ್ಟಿ ಮಾಡೋಣು!" ಎಂದು ಘೋಷಿಸಿದೆ. ಹುಡುಗಿ ಮೆಲ್ಲಗೆ, "ಟೀಚರ್, ನಿಮಗ ಬಡಿಯಾಕ ಬರ್ತೈತೇನ್ರಿ?" ಎಂದಳು. ನನಗೆಲ್ಲಿ ಬರಬೇಕು? ನಮ್ಮ ಮನೆಗೆ ರೊಟ್ಟಿ ಬರುವುದು ಓಣಿಯ ಮೂಲೆಯ ಖಾನಾವಳಿಯಿಂದ, ಪ್ಲಾಸ್ಟಿಕ್ ಚೀಲದಲ್ಲಿ. "ನಾ ಕ್ಯಾಪ್ಟನ್ ಇದ್ದೇನಿ. ಹೇಳೂದು ನನ್ನ ಕೆಲಸ," ಎಂದು ಬಾಯಿ ಮುಚ್ಚಿಸಿದೆ. ಒಂದು ತಿಂಗಳು ಅವಳು ಮೊಬೈಲ್ ನೋಡಿಕೊಂಡು ಬಡಿದಳು. ಆ ರೊಟ್ಟಿಗಳಿಗೆ ಒಂದು ಅಂಚಾದರೂ ದುಂಡಗೆ ಇದ್ದ ದಿನ ನಾವು ಪೇಢೆ ಹಂಚಬೇಕಾಗಿತ್ತು, ಅಂಥ ದಿನ ಬರಲಿಲ್ಲ.

ಪರೀಕ್ಷೆ ಇಟ್ಟದ್ದು ನಮ್ಮ ಮೂರು ದಿನದ ಸೇವಾ ಶಿಬಿರದಲ್ಲಿ, ಹುಬ್ಬಳ್ಳಿ ತಾಲೂಕಿನ ಒಂದು ಹಳ್ಳಿಯಲ್ಲಿ. ಊರ ಹೆಸರು ಹೇಳುವುದಿಲ್ಲ; ಹೇಳಿದರೆ ಅಲ್ಲಿಯ ಅವ್ವಂದಿರು ನನ್ನನ್ನು ಜಾಡಿಸುತ್ತಾರೆ. ಸರಕಾರಿ ಶಾಲೆಯ ಅಂಗಳ ಸ್ವಚ್ಛ ಮಾಡಿ, ಕಾಂಪೌಂಡಿಗೆ ಸುಣ್ಣ ಬಳಿಯುವುದು ನಮ್ಮ ಯೋಜನೆ. ಹುಡುಗಿಯರು ಕಸಬರಿಗೆ ಹಿಡಿದದ್ದೇ ತಡ, ಪಕ್ಕದ ಮನೆಯ ಒಬ್ಬ ಮುದುಕಿ ಓಡಿ ಬಂದಳು. ಊರೆಲ್ಲ ಅವಳನ್ನು ದೊಡ್ಡವ್ವ ಎನ್ನುತ್ತಿತ್ತು. "ಅಯ್ಯ ಶಿವನ! ನಮ್ಮೂರಿಗೆ ಬಂದ ಬೀಗರು ನಮ್ಮೂರ ಕಸಾ ಹೊಡಿಯೂದೇನವಾ?" ಎಂದು ಕಸಬರಿಗೆ ಕಸಿದುಕೊಂಡಳು. ಅವಳ ಹಿಂದೆ ಮತ್ತೆ ಹತ್ತು ಜನ ಬಂದರು. ಮಧ್ಯಾಹ್ನದ ಹೊತ್ತಿಗೆ ಅಂಗಳ ಸ್ವಚ್ಛವಾಗಿತ್ತು, ಊರವರಿಂದ. ನನ್ನ ಸ್ವಯಂಸೇವಕಿಯರು ಹೊರಸಿನ ಮೇಲೆ ಸಾಲಾಗಿ ಕುಳಿತು ಶೇಂಗಾ-ಬೆಲ್ಲ ತಿನ್ನುತ್ತಿದ್ದರು. ರಿಪೋರ್ಟಿನಲ್ಲಿ ಏನು ಬರೆಯುವುದೆಂದು ನನಗೆ ತಿಳಿಯಲಿಲ್ಲ.

ಸಂಜೆ ದೊಡ್ಡವ್ವನ ಕೈ ಹಿಡಿದು ಹೇಳಿದೆ: "ಯವ್ವಾ, ನಾಳೆ ಅಡಿಗಿ ಮಾತ್ರ ನಮ್ಮ ಹುಡುಗ್ಯಾರಿಗೆ ಬಿಡ್ರಿ. ಪರೀಕ್ಷಾ ಅದ."

"ಆತ ತಗೋರಿ," ಎಂದಳು ದೊಡ್ಡವ್ವ. ಆ ಊರಿನಲ್ಲಿ "ಆತ ತಗೋರಿ" ಎಂದರೆ ನಿನ್ನ ಮಾತು ಕೇಳಿಸಿತು ಎಂದಷ್ಟೇ ಅರ್ಥ. ಅದು ನನಗೆ ಮರುದಿನ ತಿಳಿಯಿತು.

ಮರುದಿನ ಬೇವಿನ ಗಿಡದ ಕೆಳಗೆ ಮೂರು ಕಲ್ಲಿಟ್ಟು ಒಲೆ ಹೂಡಿದರು. ಹುಡುಗಿ ಹೊಗೆಯಲ್ಲಿ ಕಣ್ಣು ಕೆಂಪು ಮಾಡಿಕೊಂಡು ಬಡಿದಳು. ಮೂರು ಹರಿದವು, ಎರಡು ಹೆಂಚಿಗೇ ಅಂಟಿದವು, ಆದರೂ ಏಳು ರೊಟ್ಟಿ ಎಬ್ಬಿಸಿ ಬುಟ್ಟಿಯಲ್ಲಿ ಒಟ್ಟಿದಳು. ಒಂದು ಕಡೆ ಹಸಿ, ಒಂದು ಕಡೆ ಕರಕು. ಕೈಗೆ ಬೊಕ್ಕೆ ಎದ್ದಿದ್ದವು. "ಟೀಚರ್, ಪಾಸ್ ಆಗೂವಷ್ಟು ಅದಾವೇನ್ರಿ?" ಎಂದು ಕೇಳಿದಳು. ಅದೇ ಹೊತ್ತಿಗೆ ಪರೀಕ್ಷಕರ ಸ್ಕೂಟರಿನ ಸದ್ದು ಕೇಳಿತು. ನಾನು ಅವರನ್ನು ಕರೆತರಲು ಹೋದೆ, ಹುಡುಗಿಯರು ಸೆಲ್ಯೂಟ್ ಹೊಡೆಯಲು ಗೇಟಿನ ಹತ್ತಿರ ಸಾಲಾಗಿ ನಿಂತರು. ಬುಟ್ಟಿಯ ಹತ್ತಿರ ಯಾರೂ ಉಳಿಯಲಿಲ್ಲ.

ಚಾಪೆಯ ಮೇಲೆ ಕುಳಿತೆವು. ಹುಡುಗಿ ಬುಟ್ಟಿಯ ಮೇಲಿನ ಅರಿವೆ ತೆಗೆದಳು. ಒಳಗೆ ಚಂದ್ರನಂಥ ರೊಟ್ಟಿ! ಬೆಳ್ಳಗೆ, ತೆಳ್ಳಗೆ, ಮೆತ್ತಗೆ, ಇನ್ನೂ ಹಬೆಯಾಡುತ್ತಿದ್ದವು. ಹುಡುಗಿಯ ಕೈ ಅಲ್ಲೇ ನಿಂತಿತು. ನನಗೂ ನೋಡಿದ ಕೂಡಲೇ ತಿಳಿಯಿತು. ಪರೀಕ್ಷಕರೋ ಒಂದು ಮುರಿದು ಬಾಯಿಗಿಟ್ಟು, "ವಾ! ಛಲೋ ಮಾಡೀರಿ. ಎಷ್ಟ ವರ್ಷಕ್ಕ ಇಂಥಾದ್ದು ಸಿಕ್ತು!" ಎಂದರು. ಎರಡನೆಯದು ಹಾಕಿಸಿಕೊಂಡರು. ಎಡಗೈಯಿಂದ ಜೇಬಿನ ಪೆನ್ನು ತೆಗೆದು ಫಾರ್ಮಿನ ಪಕ್ಕ ಇಟ್ಟರು.

ಹುಡುಗಿ ನನ್ನ ಮುಖ ನೋಡಿದಳು. ನಾನು ನನ್ನ ತಾಟಿನ ಶೇಂಗಾ ಚಟ್ನಿ ನೋಡಿದೆ. ಬಾಯಲ್ಲಿ ತುತ್ತಿದ್ದಾಗ ಮಾತಾಡಬಾರದೆಂದು ನಮ್ಮ ತಾಯಿ ಕಲಿಸಿದ್ದಾರೆ. ಅದಕ್ಕೇ ಇನ್ನೊಂದು ತುತ್ತು ದೊಡ್ಡದಾಗಿಯೇ ಇಟ್ಟುಕೊಂಡೆ. ಪೇಪರಿನ ಫೋಟೋದಲ್ಲಿ ಎಡಕ್ಕೆ ನಿಲ್ಲಬೇಕೋ ನಡುವೆಯೋ ಎಂಬಷ್ಟರ ಮಟ್ಟಿಗೆ ನನ್ನ ವಿಚಾರ ಹೋಗಿತ್ತು.

"ಸರ್, ಇವು ನಮ್ಮ ರೊಟ್ಟಿ ಅಲ್ರಿ," ಎಂದಳು ಹುಡುಗಿ.

ಗೋಡೆಯ ಆಚೆಯಿಂದ ದೊಡ್ಡವ್ವನ ತಲೆ ಎದ್ದಿತು. "ಹುಚ್ಚ ಖೋಡಿ, ಬಾಯಿ ಮುಚ್ಚ! ಸಾಹೇಬ್ರ, ನಾವ ಇಟ್ಟೇವ್ರಿ. ಈ ಊರಿಗೆ ಬಂದಾವ್ರು ಸೀದ ರೊಟ್ಟಿ ತಿಂದು ಹೋದ್ರು ಅಂದ್ರ ನಮ್ಮ ಮಾನ ಏನ ಉಳಿತೈತ್ರಿ? ಆ ಕೂಸಿನ ಕೈ ನೋಡ್ರಿ, ಹೆಂಗ ಸುಟ್ಟಾವ!"

"ಹಂಗಾದ್ರ ಇವರ ರೊಟ್ಟಿ ಎಲ್ಲಿ?" ಎಂದರು ಪರೀಕ್ಷಕರು.

"ಎಮ್ಮಿಗೆ ಹಾಕೇನ್ರಿ. ಒಂದು ಬಿಟ್ಟೈತಿ."

ಎಮ್ಮೆ ಬಿಟ್ಟದ್ದನ್ನು ತಿನ್ನಿಸುವುದು ಹೇಗೆ ಎಂದು ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟರಲ್ಲಿ ಒಲೆಯ ಹಿಂದೆ ಮುರಿದು ಬಿದ್ದಿದ್ದ ಒಂದು ತುಂಡು ಸಿಕ್ಕಿತು. ಹುಡುಗಿ ಅದನ್ನು ಒರೆಸಿ ತಾಟಿಗೆ ಹಾಕಿದಳು. ಪರೀಕ್ಷಕರು ಬಹಳ ಹೊತ್ತು ಅಗಿದರು. ಒಂದು ತಂಬಿಗೆ ನೀರು ಕುಡಿದರು. ಅವರು ಕೆಟ್ಟವರಲ್ಲ, ಅವರ ಮುಖವೂ ಸಣ್ಣದಾಗಿತ್ತು.

"ಖರೇ ಹೇಳಿದ್ದಕ್ಕ ಪೂರ್ತಿ ಮಾರ್ಕು ಕೊಡ್ತಿದ್ದೆ ತಂಗಿ," ಎಂದರು. "ಆದ್ರ ಈ ಫಾರ್ಮಿನ್ಯಾಗ ಆ ಕಾಲಂ ಇಲ್ಲ." ಆಮೇಲೆ ಪೆನ್ನಿನ ಮುಚ್ಚಳ ತೆಗೆದು, ಬಯಲು ಅಡುಗೆಯ ಮುಂದೆ ‘ನಾಪಾಸು’ ಎಂದು ಬರೆದು ನನ್ನ ಕಡೆ ತಿರುಗಿದರು. "ಕ್ಯಾಪ್ಟನ್ನರ, ನಿಮಗೂ ಗೊತ್ತಾಗ್ಲಿಲ್ಲೇನ್ರಿ?"

ನನ್ನ ತುತ್ತು ಇನ್ನೂ ಇಳಿದಿರಲಿಲ್ಲ. ಹುಡುಗಿಯೇ ಹೇಳಿದಳು: "ಟೀಚರ್ ಆವಾಗ ನಿಮ್ಮನ್ನ ಕರ್ಕೊಂಡು ಬರಾಕ ಹೋಗಿದ್ರು ಸರ್." ಆ ಮಾತು ನಿಜವೇ. ನಾನು ತಲೆ ಆಡಿಸಿದೆ. ಅಂಥ ನಾಚಿಕೆ ನನಗೆ ಹಿಂದೆ ಎಂದೂ ಆಗಿರಲಿಲ್ಲ.

ಮೂರನೇ ದಿನ ಬಸ್ಸಿನಲ್ಲಿ ಅವಳ ಪಕ್ಕ ಹೋಗಿ ಕುಳಿತೆ. ಉಳಿದ ಹುಡುಗಿಯರು ಹಿಂದಿನ ಸೀಟಿನಲ್ಲಿ ಹಾಡುತ್ತಿದ್ದರು. ದೊಡ್ಡವ್ವ ದಾರಿಗೆಂದು ಕಟ್ಟಿಕೊಟ್ಟ ಬುತ್ತಿ ಅವಳ ತೊಡೆಯ ಮೇಲಿತ್ತು, ಬಿಚ್ಚಿರಲಿಲ್ಲ.

"ನನಗ ಗೊತ್ತಿತ್ತವಾ," ಎಂದೆ. "ಅರಿವಿ ತಗದ ಕೂಡ್ಲೆ ಗೊತ್ತಾತು."

"ಗೊತ್ತೈತ್ರಿ," ಎಂದಳು. ತುಟಿಯ ಕೊನೆಯಲ್ಲಿ ಸಣ್ಣ ನಗು ಬಂತು. "ಶೇಂಗಾ ಚಟ್ನಿ ಅಷ್ಟೊತ್ತು ನೋಡಿದಾವ್ರನ್ನ ನಾ ಎಲ್ಲೂ ನೋಡಿಲ್ರಿ."

ನಾನೂ ನಗಬೇಕೆಂದಿದ್ದೆ, ಆಗಲಿಲ್ಲ. "ನನಗ ಆ ಪುರಸ್ಕಾರ ಭಾಳ ಬೇಕಾಗಿತ್ತು. ಏಳು ವರ್ಷ ಆತು. ಅದಕ್ಕ ಸುಮ್ನ ಕೂತೆ. ನಂದು ತಪ್ಪಾತು," ಎಂದೆ.

ಅವಳು ಕಿಟಕಿಯ ಕಡೆ ತಿರುಗಿದಳು. ಹುಬ್ಬಳ್ಳಿಯ ಮೊದಲ ಗೋದಾಮುಗಳು ಕಾಣಿಸಿದವು.

"ನನಗೂ ಬೇಕಾಗಿತ್ರಿ ಟೀಚರ್," ಎಂದಳು. ಅಲ್ಲಿಯವರೆಗೆ ಒಂದು ಹನಿ ಕಣ್ಣೀರೂ ಹಾಕದ ಹುಡುಗಿ ಆಗ ಅತ್ತಳು.