ಕೆಂಪು ಬಾಕಿ ಇದೆ

ಅಸಾಕುಸಾದ ಕನ್ನೊನ್ ತಾಯಿಯ ಗುಡಿಯ ಹಿಂದಿನ ಓಣಿಯಲ್ಲಿ ಅಚ್ಚಿನ ಯಸೊಕಿಚಿಯ ಮನೆ. ಬೇರೆಯವರು ಮರದ ಹಲಗೆಯಲ್ಲಿ ಕೆತ್ತಿಕೊಟ್ಟ ಚಿತ್ರಕ್ಕೆ ಬಣ್ಣ ಬಳಿದು ಕಾಗದಕ್ಕೆ ಇಳಿಸುವುದು ಅವನ ಕಸುಬು. ವಯಸ್ಸು ನಲವತ್ತಾಗಿತ್ತು, ಮದುವೆಯಾಗಿರಲಿಲ್ಲ, ಆಗಬೇಕೆಂಬ ಆಸೆ ಬಹಳವಿತ್ತು. ತಾಯಿ ತೀರಿಕೊಂಡ ಮೇಲೆ ಊಟದ ಹೊತ್ತಿನಲ್ಲಿ ಅವನು ಒಲೆಯ ಜೊತೆ ಮಾತಾಡುತ್ತಿದ್ದ. ಒಲೆ ಹೂಂ ಎನ್ನುತ್ತಿರಲಿಲ್ಲ.

ಹೆಣ್ಣು ನೋಡುವುದು ಎರಡು ಸಲ ನಿಗದಿಯಾಗಿ ಎರಡು ಸಲವೂ ತಪ್ಪಿತ್ತು. ಅಚ್ಚಿನ ಕಾಗದವನ್ನು ಹಿಂದಿನ ದಿನವೇ ಒದ್ದೆ ಮಾಡಿಡಬೇಕು. ಮಾಡಿದ ಮೇಲೆ ಬಣ್ಣವೆಲ್ಲ ಮುಗಿಯುವ ತನಕ ಏಳುವಂತಿಲ್ಲ. ಒಣಗಿದರೆ ಕಾಗದ ಕುಗ್ಗಿ ಬಣ್ಣ ಗೆರೆಯಿಂದಾಚೆ ಹೋಗುತ್ತದೆ. ಒದ್ದೆಯಾಗೇ ಬಿಟ್ಟರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಎರಡೂ ಸಲ ಹೆಣ್ಣಿನ ಕಡೆಯವರು ಕಾದು, ಚಹಾ ಕುಡಿದು ಎದ್ದುಹೋಗಿದ್ದರು.

ಸಂಬಂಧ ತಂದಿದ್ದ ಕಾಗದದಂಗಡಿಯ ಮುದುಕಿ ಒತ್ಸುನೆ ಈ ಸಲ ಹೆಣ್ಣನ್ನೇ ಅವನ ಮನೆಗೆ ಕರೆತಂದಳು. ಹೆಸರು ಒಮಿನೆ, ಸೋಯಾ ಕಾಳು ರುಬ್ಬಿ ಟೋಫು ಮಾಡುವವರ ಮಗಳು, ಗಂಡ ಸತ್ತು ತವರಿಗೆ ಮರಳಿದವಳು.

"ಇದೇ ಕೊನೇ ಸಲ ಕಣೋ. ಎದ್ದು ಬಾ," ಎಂದಳು ಒತ್ಸುನೆ.

"ಅಜ್ಜೀ, ಕೆಂಪು ಬಾಕಿ ಇದೆ."

"ನಿನ್ನ ಕೆಂಪಿಗಿಷ್ಟು ಬೆಂಕಿ ಹಾಕ!"

ಯಸೊಕಿಚಿ ಕೂತಲ್ಲೇ ಒಮಿನೆಗೆ ತಲೆಬಾಗಿದ. ಕೈ ನಿಲ್ಲಲಿಲ್ಲ. ಹಲಗೆಗೆ ಕೆಂಪು, ಅದಕ್ಕೆ ತುಸು ಅಕ್ಕಿಗಂಜಿ, ಬ್ರಷ್ಷಿನಿಂದ ಒಂದು ಸಲ ಸವರು, ಹಲಗೆಯ ಮೂಲೆಯ ಕಚ್ಚಿಗೆ ಕಾಗದದ ಮೂಲೆ ಕೂರಿಸು, ಬಿದಿರಿನ ಸಿಪ್ಪೆ ಸುತ್ತಿದ ಬಿಲ್ಲೆಯಿಂದ ಉಜ್ಜು, ಎತ್ತು. ಹಾಳೆಯ ಮೇಲಿನ ಕನ್ನೊನ್ ತಾಯಿಯ ಚಿತ್ರದಲ್ಲಿ ತುಟಿ ಕೆಂಪಾಗಿರುತ್ತಿತ್ತು. ಒಮಿನೆ ಸುಮಾರು ಹೊತ್ತು ನೋಡಿದಳು.

"ಕಾಗದ ನೆನೆಸಿಟ್ಟಿದ್ದೀರಾ?"

"ನಿನ್ನೆ ಸಂಜೆ."

"ಹಾಗಾದ್ರೆ ಏಳೋಕಾಗಲ್ಲ ಬಿಡಿ. ನಮ್ಮನೇಲೂ ಅಷ್ಟೇ, ಕಾಳು ನೆನೆಹಾಕಿದ್ರೆ ಮುಗೀತು. ಮೊದಲನೇ ಮದುವೆ ದಿನಾನೂ ನಾನು ರುಬ್ಬಿಟ್ಟೇ ಹೊರಟಿದ್ದು. ಕೈ ಕಾಳಿನ ವಾಸನೆ ಅಂತ ನಮ್ಮತ್ತೆ ಸಾಯೋವರೆಗೂ ಆಡ್ಕೊಂಡ್ರು."

"ನಂದು ಗಂಜಿ ವಾಸನೆ," ಎಂದ ಯಸೊಕಿಚಿ. ಹೆಂಗಸರ ಮುಂದೆ ಅವನು ತನ್ನ ಬಗ್ಗೆ ಹೇಳಿಕೊಂಡ ಮೊದಲ ಮಾತು ಅದು.

ಒಮಿನೆ ನಕ್ಕಳು. ಹತ್ತಿರ ಬಂದು, ಕಾಗದದ ಅಟ್ಟಿಯ ಒಂದು ಅಂಚು ತೆರೆದುಕೊಂಡಿದ್ದುದನ್ನು ಕಂಡು, ಮೇಲೆ ಹೊದಿಸಿದ್ದ ಹಸಿಬಟ್ಟೆಯನ್ನು ಅಲ್ಲಿಗೆ ಎಳೆದಳು. ಯಸೊಕಿಚಿ ಮುಂದಿನ ಹಾಳೆಯಿಟ್ಟು, ಉಜ್ಜಿ, ಎತ್ತಿದ. ಮೂಲೆ ಕಚ್ಚಿನಲ್ಲಿ ಕೂತಿರಲಿಲ್ಲ. ತುಟಿಯ ಕೆಂಪು ತಾಯಿಯ ಗಲ್ಲಕ್ಕೆ ಹತ್ತಿತ್ತು.

ಅವನಿಗೆ ಕಾಗದ ಮಾರುತ್ತ ಮುದುಕಿಯಾದ ಒತ್ಸುನೆ ಅವನ ಕೈಯಲ್ಲಿ ಅಂಥದ್ದನ್ನು ಎಂದೂ ಕಂಡಿರಲಿಲ್ಲ.

"ಕೆಡಿಸ್ದ! ಹಾಳೆ ಕೆಡಿಸ್ದ! ಇವನ ಒಪ್ಪಿಗೆ ಆಯ್ತು, ಏಳಮ್ಮ."

"ನನ್ನನ್ನೂ ಒಂದು ಮಾತು ಕೇಳಿ, ಅಜ್ಜಿ."

"ನಿಂದೇನೇ?"

"ಕೆಂಪು ಮುಗೀಲಿ. ಆಮೇಲೆ ಹೇಳ್ತೀನಿ."

ಮುಗಿಯಿತು. ಹೂಂ ಅಂದಳು.

ಪಂಚಾಂಗದಲ್ಲಿ ಮದುವೆಗೆ ಒಳ್ಳೆಯ ದಿನಗಳು ಬೇಕಾದಷ್ಟಿದ್ದವು. ಕಾಳನ್ನೂ ಕಾಗದವನ್ನೂ ನೆನೆಸಿಡದ ದಿನ ಮಾತ್ರ ಹೊಸವರ್ಷದವರೆಗೆ ಸಿಗಲಿಲ್ಲ. ಆ ದಿನ ಗಂಡೂ ಹೆಣ್ಣೂ ಕೈ ಎಲ್ಲಿಡಬೇಕೆಂದು ತಿಳಿಯದೆ ಕೂತಿದ್ದರು.

ಕೆಟ್ಟ ಹಾಳೆಯನ್ನು ಯಸೊಕಿಚಿ ಒಲೆಯ ಮೇಲಿನ ಗೋಡೆಗೆ ಅಂಟಿಸಿದ್ದಾನೆ. ಒಮಿನೆ ದಿನವೂ ಅದಕ್ಕೆ ಕೈಮುಗಿಯುತ್ತಾಳೆ, ಒದ್ದೆ ಕೈಯಲ್ಲೇ.